ಒಳಗಿನವರು ತಿದ್ದಿಕೊಟ್ಟ ಪದ್ಯಗಳು

ಬೆಳ್ತಂಗಡಿಯ ಒಂದು ಬ್ಯಾಂಡ್ ಸೆಟ್ಟಿಗೆ ಹೊಸದಾಗಿ ಸೇರಿದ ಇಬ್ಬರು ಹೋದ ತಿಂಗಳು ಮೂಡಬಿದಿರೆಯ ನನ್ನ ಮನೆಗೆ ಬಂದಿದ್ದರು. ಒಬ್ಬ ಟ್ರಂಪೆಟ್ ಊದುವವನು, ಇನ್ನೊಬ್ಬ ಸ್ಯಾಕ್ಸೊಫೋನಿನವನು. ನಿಮ್ಮ ಕಾಲದಲ್ಲಿ ಸಿನಿಮಾ ಪದ್ಯಗಳನ್ನು ಕಲಿಯುತ್ತಿದ್ದದ್ದು ಹೇಗೆ ಎಂದು ಕೇಳಿದರು. ಚಾ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಹೇಳಿ ಮುಗಿಯುವ ಸಂಗತಿ ಅದಲ್ಲ. ಬರೆದು ಕೊಡುತ್ತೇನೆ ಎಂದೆ. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ, ಟ್ರಂಪೆಟ್ಟಿನ ಗಿಡ್ಡ ತಮ್ಮನಂತಿರುವ ಕಾರ್ನೆಟ್ ಊದಿದವನು ನಾನು. ಬರೆದು ಅಭ್ಯಾಸವಿಲ್ಲ. ಆದರೂ ಕೂತಿದ್ದೇನೆ.

ನಾನು ಬ್ಯಾಂಡಿಗೆ ಸೇರಿದ್ದು ಐವತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗ ನನಗೆ ಇಪ್ಪತ್ತೆರಡು. ಬಂಟ್ವಾಳದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಕೆಲಸ. ಅಂಗಿ ಹೊಲಿಸಲೆಂದು ಮೂಡಬಿದಿರೆಯ ಪಾಸ್ಕಲ್ ಮಾಸ್ಟರರ ದರ್ಜಿ ಅಂಗಡಿಗೆ ಹೋಗಿದ್ದೆ. ಅವರು ಅಳತೆ ತೆಗೆಯುವಾಗ ನಾನು ಸುಮ್ಮನೆ ಶಿಳ್ಳೆ ಹಾಕುತ್ತಿದ್ದೆ. ಮಾಸ್ಟರರು ಟೇಪನ್ನು ನನ್ನ ಎದೆಗೆ ಸುತ್ತಿ ಹಾಗೆಯೇ ಹಿಡಿದುಕೊಂಡು, "ಇನ್ನೊಮ್ಮೆ ಹಾಕು" ಎಂದರು. ಹಾಕಿದೆ. "ಶ್ರುತಿ ಜಾರುದಿಲ್ಲ ನಿಂಗೆ. ಆದಿತ್ಯವಾರ ಬಾ" ಎಂದರು. ಅಷ್ಟೇ ನನ್ನ ಸಂದರ್ಶನ.

ಅವರು ಹಗಲೆಲ್ಲ ಹೊಲಿಗೆ ಯಂತ್ರ ತುಳಿಯುವ ದರ್ಜಿ, ಮದುವೆ ಮತ್ತು ಇಗರ್ಜಿಯ ಹಬ್ಬದ ದಿನಗಳಲ್ಲಿ ನಮ್ಮ ಹನ್ನೊಂದು ಮಂದಿಯ ಬ್ಯಾಂಡಿನ ಯಜಮಾನ. ಮೊದಲ ಕಾರ್ನೆಟ್ ಅವರದು. ಎರಡನೆಯದು ನನ್ನದು. ಮೊದಲನೆಯದು ಪದ್ಯದ ಧಾಟಿಯನ್ನು ಹೇಳುತ್ತದೆ, ಎರಡನೆಯದು ಅದರ ಕೆಳಗೆ ನಿಂತು ಆಧಾರ ಕೊಡುತ್ತದೆ. ಹಾಗಾಗಿ ನನ್ನ ಜಾಗ ಯಾವಾಗಲೂ ಮಾಸ್ಟರರ ಬಲ ಹೆಗಲಿನ ಹಿಂದೆ. ಅವರ ಕುತ್ತಿಗೆ ನೋಡಿ ಉಸಿರು ತೆಗೆಯುವುದನ್ನು ಕಲಿತೆ. ಕಾಲರಿನ ಮೇಲಿನ ನರ ಸ್ವಲ್ಪ ಏರಿದರೆ ಮುಂದಿನ ಸಾಲು ಉದ್ದದ್ದು ಎಂದು ಅರ್ಥ.

ಪದ್ಯ ಕಲಿಯುವುದಕ್ಕೆ ಮೊದಮೊದಲು ನಮಗಿದ್ದದ್ದು ಒಂದೇ ದಾರಿ, ಮಂಗಳೂರಿಗೆ ಹೋಗಿ ಮ್ಯಾಟಿನಿ ನೋಡುವುದು. ಮೂವರು ಹೋಗುತ್ತಿದ್ದೆವು. ಪಲ್ಲವಿ ಮಾಸ್ಟರರಿಗೆ, ಚರಣ ನನಗೆ, ನಡುವೆ ಬರುವ ಬರೀ ವಾದ್ಯದ ತುಂಡು ಕ್ಲಾರಿನೆಟ್ಟಿನ ಕೊರಗಪ್ಪನಿಗೆ. ಸಿನಿಮಾ ಬಿಟ್ಟ ಮೇಲೆ ಮೂವರೂ ಮಾತಾಡುವಂತಿಲ್ಲ. ಬಾಯಲ್ಲಿ ನೀರು ತುಂಬಿಕೊಂಡವರ ಹಾಗೆ ಬಸ್ಸಿನಲ್ಲಿ ಕೂತು, ಮಾಸ್ಟರರ ಅಂಗಡಿ ಸೇರಿದ ಮೇಲೆಯೇ ಬಾಯಿ ಬಿಡಬೇಕು. ಒಮ್ಮೆ ಗುರುಪುರ ದಾಟುವಾಗ ಪಕ್ಕದಲ್ಲಿ ಕೂತ ಮುದುಕರೊಬ್ಬರು ನನ್ನನ್ನು, "ನೀವು ಯಾರ ಮಗ ಆಯ್ತು?" ಎಂದು ಕೇಳಿದರು. ಹಿರಿಯರು ಕೇಳಿದಾಗ ಸುಮ್ಮನಿರುವುದು ಹೇಗೆ? ಹೇಳಿದೆ. ಅವರಿಗೆ ನನ್ನ ಅಜ್ಜನ ಪರಿಚಯವಿತ್ತು. ಮಾತು ಬೆಳೆಯಿತು. ಮೂಡಬಿದಿರೆಯಲ್ಲಿ ಇಳಿಯುವಾಗ ಚರಣ ಹೋಗಿತ್ತು. ಮಾಸ್ಟರರು ಬೈಯಲಿಲ್ಲ. "ಬರುವ ವಾರ ಪುನಃ ಹೋಗುವ. ಈ ಸಲ ನೀನು ಕಿಟಕಿ ಬದಿಗೆ ಕೂತ್ಕೊ" ಎಂದರು.

ಇಷ್ಟು ಕಷ್ಟಪಟ್ಟು ತಂದ ಹಿಂದಿ ಪದ್ಯಗಳ ಅರ್ಥ ನಮ್ಮಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಸಿನಿಮಾದಲ್ಲಿ ನಮ್ಮ ಗಮನವೆಲ್ಲ ಕಿವಿಯಲ್ಲಿ. ಕಣ್ಣು ಮುಚ್ಚಿಯೇ ಕೇಳುತ್ತಿದ್ದೆವು, ಚಿತ್ರದಲ್ಲಿ ಯಾರು ಯಾಕೆ ಹಾಡುತ್ತಾರೆ ಎಂದು ನೋಡುತ್ತಿರಲಿಲ್ಲ. ಅದರ ಫಲವನ್ನು ಉಂಡದ್ದು ಅಳದಂಗಡಿ ಹತ್ತಿರದ ಒಂದು ಮದುವೆಯಲ್ಲಿ.

ದೊಡ್ಡ ಮನೆತನದ ಮದುವೆ. ಮದುಮಗ ಬೊಂಬಾಯಿಯಲ್ಲಿ ಹೋಟೆಲ್ ಇಟ್ಟವರು, ಮೂವತ್ತೈದರ ಆಸುಪಾಸಿನವರು. ಗಂಡಿನ ದಿಬ್ಬಣ ಗದ್ದೆಯ ಹುಣಿಯ, ಅಂದರೆ ಬದುವಿನ ಮೇಲೆ ಬರುತ್ತಿತ್ತು, ನಾವು ಮುಂದೆ. ಚಪ್ಪರ ಸಮೀಪಿಸಿದಾಗ ಮಾಸ್ಟರರು ಹೊಸ ಪದ್ಯಕ್ಕೆ ಕೈ ತೋರಿಸಿದರು. ಒಳ್ಳೆಯ ನಡೆಯ, ಕಾಲಿಗೆ ಹೊಂದುವ ಪದ್ಯ. ಎರಡು ವಾರ ಅಭ್ಯಾಸ ಮಾಡಿ ತಂದದ್ದು. ಪಲ್ಲವಿ ಮುಗಿದು ಚರಣಕ್ಕೆ ಬರುವಾಗ ಹಿಂದೆ ಹೆಜ್ಜೆಯ ಸದ್ದು ನಿಂತಿತು. ತಿರುಗಿ ನೋಡಿದರೆ ಮದುಮಗ ಹುಣಿಯ ಮೇಲೆ ನಿಂತುಬಿಟ್ಟಿದ್ದಾರೆ. ಹೆಗಲ ಮೇಲಿನ ಶಾಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದಾರೆ. ಸೆಕೆಗೆ ಬೆವರಿರಬೇಕು ಎಂದು ಎಲ್ಲರೂ ತಿಳಿದರು. ಅವರ ಮಾವ ಒಬ್ಬರು ಬೆನ್ನಿಗೆ ಕೈಯಿಟ್ಟ ಮೇಲೆ ದಿಬ್ಬಣ ಮುಂದೆ ಹೋಯಿತು.

ಊಟವಾದ ಮೇಲೆ ನಾವು ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಕೂತಿದ್ದೆವು. ಮದುಮಗ ಒಬ್ಬರೇ ಅಲ್ಲಿಗೆ ಬಂದರು. ನಾವೆಲ್ಲ ಎದ್ದು ನಿಂತೆವು. ಅವರು ಮಾಸ್ಟರರನ್ನು ಕೂರಿಸಿ ತಾವೂ ಜಗಲಿಯ ಅಂಚಿನಲ್ಲಿ ಕೂತರು.

"ಮಾಸ್ಟ್ರೇ, ಆ ಪದ್ಯದ ಅರ್ಥ ಗೊತ್ತುಂಟಾ ನಿಮಗೆ?"

"ಇಲ್ಲ ಧಣಿಗಳೇ. ರಾಗ ಮಾತ್ರ ಗೊತ್ತುಂಟು."

"ಹೆಂಡತಿ ತೀರಿಹೋದವನು ಹೇಳುವ ಪದ್ಯ ಅದು. ದೀಪ ಹಚ್ಚುವವಳು ಹೋದ ಮೇಲೆ ಈ ಮನೆಗೆ ಯಾರನ್ನು ಕರೆಯಲಿ ಅಂತ ಕೇಳ್ತಾನೆ." ಅವರು ಹೆಗಲ ಶಾಲನ್ನು ಮಡಿಲಿಗೆ ಎಳೆದುಕೊಂಡರು. "ನನಗೆ ಇದು ಎರಡನೇ ಮದುವೆ. ಮೊದಲಿನವಳು ಹೋಗಿ ಮೂರು ವರ್ಷ ಆಯ್ತು. ಅಲ್ಲಿ ಹೋಟೆಲಿನಲ್ಲಿ ದಿನಾ ಕೇಳ್ತಿದ್ದ ಪದ್ಯ."

ಮಾಸ್ಟರರು ಎದ್ದು ಕೈ ಮುಗಿದರು. "ದೊಡ್ಡ ತಪ್ಪಾಯ್ತು ಧಣಿಗಳೇ" ಎಂದರು.

"ನೀವು ಬೇಕೂಂತ ಮಾಡಿದ್ದಲ್ಲವಲ್ಲ. ಇಲ್ಲಿ ಬೇರೆ ಯಾರಿಗೂ ತಿಳಿಯಲಿಲ್ಲ. ಒಳಗೆ ಕೂತ ಹುಡುಗಿಗೂ ತಿಳಿಯುವುದು ಬೇಡ. ಇನ್ನು ಮದುವೆಗೆ ಅದನ್ನು ಬಾರಿಸ್ಬೇಡಿ, ಅಷ್ಟೇ" ಎಂದು ಹೇಳಿ ಅವರು ಎದ್ದು ಹೋದರು.

ಬರುವಾಗ ಬಸ್ಸು ವೇಣೂರು ದಾಟಿತು. ಮಾಸ್ಟರರು ನನ್ನ ಕಡೆ ತಿರುಗಿ ಹೇಳಿದರು, "ಸಂಜೀವ, ಇನ್ನು ಅರ್ಥ ಗೊತ್ತಿಲ್ಲದ ಒಂದು ಪದ್ಯವನ್ನೂ ನಾವು ಊದುದಿಲ್ಲ."

ಹೇಳುವುದು ಸುಲಭ. ಹಿಂದಿ ಬಲ್ಲವರನ್ನು ಎಲ್ಲಿಂದ ತರುವುದು? ಅಲ್ಲಿ ಇಲ್ಲಿ ವಿಚಾರಿಸಿದಾಗ ಬಸ್ ಏಜೆಂಟನೊಬ್ಬ ವಿಟ್ಲದ ಹಸನಬ್ಬ ಸಾಹುಕಾರರ ಹೆಸರು ಹೇಳಿದ. ಅವರು ಅಡಿಕೆ ವ್ಯಾಪಾರಿಗಳು, ಮನೆಯಲ್ಲಿ ಗ್ರಾಮೊಫೋನ್ ಉಂಟು, ಬೊಂಬಾಯಿಯ ನಂಟು ಉಂಟು. ಒಂದು ಶುಕ್ರವಾರ ಮಾಸ್ಟರರೂ ನಾನೂ ಸಿದ್ಧಕಟ್ಟೆ, ಬಂಟ್ವಾಳದ ಮೂಲಕ ವಿಟ್ಲಕ್ಕೆ ಹೋದೆವು. ಸಾಹುಕಾರರು ಜುಮಾ ನಮಾಜು ಮುಗಿಸಿ ಬಂದು ಜಗಲಿಯ ಆರಾಮಕುರ್ಚಿಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದರು. ಮಾಸ್ಟರರು ಬಂದ ಕಾರಣ ಹೇಳಿದರು. ಅಳದಂಗಡಿಯ ಕತೆಯನ್ನೂ ಮುಚ್ಚಿಡದೆ ಹೇಳಿದರು.

ಸಾಹುಕಾರರು ಎಲ್ಲ ಕೇಳಿ ಹೇಳಿದರು, "ಮಾಸ್ಟ್ರೇ, ನನ್ನ ಹಿಂದಿ ಅಡಿಕೆಯ ಹಿಂದಿ. ಒಣಗಿದೆ, ಒದ್ದೆಯಾಗಿದೆ, ಇಷ್ಟೇ. ಪದ್ಯದ್ದೆಲ್ಲ ಒಳಗೆ ಗೊತ್ತುಂಟು."

ಒಳಗೆ ಎಂದರೆ ಅವರ ಹೆಂಡತಿ. ಜಗಲಿಯಿಂದ ಮನೆಯೊಳಗೆ ಹೋಗುವ ಬಾಗಿಲಿಗೆ ನೀಲಿ ಬಟ್ಟೆಯ ಪರದೆ ಇತ್ತು. ಆ ಪರದೆಯ ಹಿಂದೆ ಬಂದು ಅವರು ಕೂತದ್ದು ಬಳೆಯ ಸದ್ದಿನಿಂದ ನಮಗೆ ತಿಳಿಯಿತು. ಸಾಹುಕಾರರು ರೆಕಾರ್ಡು ಹಾಕಿದರು. ಮುಗಿದ ಮೇಲೆ ಒಳಗಿನಿಂದ ಸಣ್ಣ ದನಿಯಲ್ಲಿ ತಮ್ಮ ಮನೆಮಾತಾದ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ಸಾಹುಕಾರರು ಅದನ್ನು ನಮಗೆ ತಿರುಗಿಸಿ ಹೇಳಿದರು. ಇದು ಮಳೆಗೆ ಕಾದವಳ ಪದ್ಯ, ಮದುವೆಗೆ ಆಗಬಹುದು. ಇದು ಸಾಲ ಮಾಡಿ ಓಡಿಹೋದವನ ತಮಾಷೆ, ಬೇಡ. ಇದು ದೇವರನ್ನು ಕರೆಯುವುದು, ಎಲ್ಲಿಗೂ ಆಗುತ್ತದೆ.

ನಾಲ್ಕೈದು ಶುಕ್ರವಾರ ಹೀಗೆ ನಡೆಯಿತು. ಮಾಸ್ಟರರು ಒಂದು ಉದ್ದ ಪುಸ್ತಕದಲ್ಲಿ ಎಡಕ್ಕೆ ಸರಿಗಮ, ಬಲಕ್ಕೆ ಅರ್ಥ ಬರೆದುಕೊಳ್ಳುತ್ತಿದ್ದರು. ಆ ಪುಸ್ತಕ ಈಗಲೂ ನನ್ನಲ್ಲಿ ಉಂಟು, ಬೇಕಾದವರು ಬಂದು ನಕಲು ಮಾಡಿಕೊಳ್ಳಬಹುದು. ಬಲಗಡೆಯನ್ನು ಮೊದಲು ಓದಬೇಕು.

ಆರನೆಯ ವಾರವೋ ಏನೋ, ಕಲಿತದ್ದನ್ನು ಒಮ್ಮೆ ಊದಿ ತೋರಿಸಿ ಎಂದು ಸಾಹುಕಾರರು ಕೇಳಿದರು. ಮಾಸ್ಟರರು ಕಾರ್ನೆಟ್ಟಿನ ಬಾಯಿಗೆ ಕರವಸ್ತ್ರ ತುರುಕಿ ಮೆಲ್ಲನೆ ಊದಿದರು. ಮುಗಿದ ಮೇಲೆ ಪರದೆ ಸ್ವಲ್ಪ ಅಲುಗಿತು. ಆಮೇಲೆ ಮೊದಲ ಬಾರಿಗೆ ನೇರವಾಗಿ ನಮಗೇ ಕನ್ನಡದಲ್ಲಿ ಮಾತು ಬಂತು. "ಎರಡನೇ ಸಾಲಿನ ಕೊನೆಗೆ ಸ್ವರ ಮೇಲೆ ಹೋಗುದಿಲ್ಲ ಮಾಸ್ಟ್ರೇ. ಅಲ್ಲೇ ನಿಲ್ತದೆ. ಅವಳು ಬಾಗಿಲ ತನಕ ಬಂದು ಹೊರಗೆ ಹೋಗ್ಲಿಕ್ಕೆ ಹೆದರಿ ನಿಂತದ್ದು ಅದು."

ಮಾಸ್ಟರರು ಗ್ರಾಮೊಫೋನಿನ ಸೂಜಿಯನ್ನು ರೆಕಾರ್ಡಿನ ಮೇಲೆ ಪುನಃ ಇಡಿಸಿದರು. ಒಳಗಿನಿಂದ ಹೇಳಿದ್ದೇ ಸರಿ. ನಾವು ಹತ್ತು ಸಲ ಕೇಳಿಯೂ ಆ ಸ್ವರವನ್ನು ನಮ್ಮ ಅಭ್ಯಾಸದಂತೆ ಮೇಲಕ್ಕೆ ಎತ್ತಿದ್ದೆವು.

ಆ ಕಿವಿ ಎಲ್ಲಿಂದ ಬಂತು ಎಂದು ಆಮೇಲೆ ತಿಳಿಯಿತು. ಅವರ ಅಪ್ಪನಿಗೆ ಬೊಂಬಾಯಿಯಲ್ಲಿ ಸಿನಿಮಾ ಟಾಕೀಸಿನ ಗೋಡೆಗೆ ತಾಗಿದ ಸಣ್ಣ ಮನೆ ಇತ್ತಂತೆ. ಮದುವೆಯಾಗಿ ಹಡಗಿನಲ್ಲಿ ಮಂಗಳೂರಿಗೆ ಬರುವ ತನಕ ದಿನಕ್ಕೆ ಮೂರು ಸಲ ಗೋಡೆಯ ಆಚೆಯಿಂದ ಪದ್ಯ ಕೇಳಿ ಬೆಳೆದವರು. ಸಿನಿಮಾ ಒಂದನ್ನೂ ನೋಡಿರಲಿಲ್ಲ. "ನೋಡಿದ್ರೆ ಕಿವಿ ಸೋಮಾರಿ ಆಗ್ತಿತ್ತೋ ಏನೋ" ಎಂದು ಮಾಸ್ಟರರು ನನ್ನಲ್ಲಿ ಹೇಳಿದ್ದರು. ಅವರ ಹೆಸರನ್ನು ನಾವು ಕೇಳಲಿಲ್ಲ. ನಮ್ಮ ಹನ್ನೊಂದು ಮಂದಿಯ ನಡುವೆ ಅವರು 'ಒಳಗಿನವರು'. ಅಭ್ಯಾಸದಲ್ಲಿ ಯಾರಾದರೂ ತಪ್ಪಿದರೆ, "ಒಳಗಿನವರು ಕೇಳಿದ್ರೆ ಎಂತ ಹೇಳ್ತಾರೆ ಮಾರಾಯ" ಎನ್ನುವುದು ರೂಢಿಯಾಯಿತು.

ಅರುವತ್ತರ ದಶಕ ಬಂತು. ಧ್ವನಿವರ್ಧಕ ಬಂತು. ಮದುವೆ ಮನೆಯ ಮಾಡಿನ ಮೇಲೆ ದತ್ತೂರಿ ಹೂವಿನ ಹಾಗೆ ಕೂತು ಅದು ಬೆಳಿಗ್ಗಿನಿಂದಲೇ ರೆಕಾರ್ಡು ಹಾಡುತ್ತಿತ್ತು. ಅದನ್ನು ಕೇಳಿದ ಜನ ನಮ್ಮ ಹತ್ತಿರ ಬಂದು, "ರೆಕಾರ್ಡಿನಲ್ಲಿ ಹೀಗಿಲ್ಲವಲ್ಲ" ಎನ್ನತೊಡಗಿದರು. ಹೊಸ ಬ್ಯಾಂಡಿನವರು ಪದ್ಯವನ್ನು ಓಡಿಸುತ್ತಿದ್ದರು, ಡ್ರಮ್ಮಿನ ಗಲಾಟೆಯಲ್ಲಿ ತಪ್ಪು ಮುಚ್ಚಿಹೋಗುತ್ತಿತ್ತು. ನಮ್ಮ ಮಾಸ್ಟರರು ಓಡಿಸಲಿಲ್ಲ. ಅವರ ಕಾರ್ನೆಟ್ ಕೇಳಬೇಕೆಂದೇ ಕರೆಯುವ ಮನೆಗಳು ಮೂರು ತಾಲೂಕಿನಲ್ಲೂ ಇದ್ದವು. ನಾವು ಉಳಿದದ್ದು ಅದರಿಂದ.

ಹಾಗಿರುವಾಗ ಅವರ ಹಲ್ಲು ಹೋಯಿತು. ಒಸಡಿನ ಕಾಯಿಲೆ. ಮಂಗಳೂರಿನ ಡಾಕ್ಟರರು ಮೇಲಿನ ಮುಂದಿನ ನಾಲ್ಕು ಹಲ್ಲುಗಳನ್ನು ಕೀಳಲೇಬೇಕೆಂದರು. ಕಾರ್ನೆಟ್ಟಿನವನಿಗೆ ಮುಂದಿನ ಹಲ್ಲೆಂದರೆ ಮನೆಯ ಪಂಚಾಂಗ, ಅಡಿಪಾಯ ಇದ್ದ ಹಾಗೆ. ತುಟಿಗೆ ಒತ್ತು ಕೊಡುವುದು ಅದೇ. ಕಟ್ಟಿಸಿದ ಹಲ್ಲು ಹಾಕಿ ನೋಡಿದರು, ಊದುವಾಗ ಜಾರಿತು, ತೆಗೆದಿಟ್ಟುಬಿಟ್ಟರು. ಒಂದು ಮಧ್ಯಾಹ್ನ ನಾನು ಅಂಗಡಿಗೆ ಹೋದಾಗ ಅವರು ಬಾಗಿಲು ಓರೆ ಮಾಡಿಕೊಂಡು ಊದಲು ನೋಡುತ್ತಿದ್ದರು. ಬರೀ ಗಾಳಿಯ ಸದ್ದು. ನನ್ನನ್ನು ಕಂಡು ಕಾರ್ನೆಟ್ಟನ್ನು ಮಡಿಲಲ್ಲಿಟ್ಟುಕೊಂಡು, ಹೊಲಿಯುತ್ತಿದ್ದ ಬಟ್ಟೆಯನ್ನು ಅದರ ಮೇಲೆ ಎಳೆದುಕೊಂಡರು. ನಾನು ಏನೂ ಕಾಣದವನ ಹಾಗೆ ಹೊರಗೆ ಹೋಗಿ, ಕೆಮ್ಮಿ, ಪುನಃ ಒಳಗೆ ಬಂದೆ.

ಅಂದೇ ಅವರು ಕೇಳಿದರು, "ಸಂಜೀವ, ನಾನು ಮುಂದೆ ಹಿಡ್ಕೊಂಡು ನಿಲ್ತೇನೆ. ಬೆರಳು ಆಡಿಸ್ತೇನೆ. ನೀನು ಹಿಂದಿನಿಂದ ಊದ್ತೀಯಾ?"

ನಾನು ಒಪ್ಪಿದೆ. ಉಳಿದವರೂ ಒಪ್ಪಿದರು. ಅದು ಮೋಸ ಹೌದೋ ಅಲ್ಲವೋ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಮಾಸ್ಟರರಿಲ್ಲದ ಬ್ಯಾಂಡನ್ನು ಯಾರು ಕರೆಯುತ್ತಾರೆ ಎಂಬ ಹೆದರಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಅವರನ್ನು ಮನೆಯಲ್ಲಿ ಕೂರಿಸಿ ನಾವು ಮದುವೆಗೆ ಹೋಗುವುದು ಹೇಗೆ ಎಂಬ ಸಂಕಟ. ಎರಡು ಮದುವೆ ಹಾಗೆಯೇ ಮುಗಿಯಿತು. ಯಾರಿಗೂ ತಿಳಿಯಲಿಲ್ಲ. ಮಾಸ್ಟರರು ಮಾತ್ರ ಮಾತು ಕಡಿಮೆ ಮಾಡಿದರು. ಆಡುವಾಗಲೂ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

ಆಗ ವಿಟ್ಲದಿಂದ ಹೇಳಿಕೆ ಬಂತು. ಸಾಹುಕಾರರ ಒಬ್ಬಳೇ ಮಗಳಿಗೆ ಮದುವೆ. ನಾವಿಬ್ಬರೂ ಹೋದೆವು. ಸಾಹುಕಾರರು ಹೇಳಿದರು, "ನಮ್ಮ ಹಿರಿಯರಿಗೆ ಅಂಗಳದಲ್ಲಿ ಬ್ಯಾಂಡ್ ಆಗುದಿಲ್ಲ. ಗಂಡಿನವರು ಮಾರ್ಗದಿಂದ ಬೇಲಿಬಾಗಿಲ ದಣಪೆಯ ತನಕ ಬರುವಾಗ ಬಾರಿಸ್ಲಿ, ದಣಪೆ ದಾಟುದು ಬೇಡ ಅಂತ ಒಪ್ಪಿಸಿದ್ದೇನೆ. ಒಳಗಿಂದ ಒಂದು ಪದ್ಯದ ಆಸೆ ಉಂಟು."

ಪರದೆಯ ಹಿಂದಿನಿಂದ ಅವರೇ ಹೇಳಿದರು, "ನನ್ನ ಮದುವೆಯ ವಾರ ಗೋಡೆಯ ಆಚೆ ಕೇಳಿದ ಪದ್ಯ ಮಾಸ್ಟ್ರೇ. ರೆಕಾರ್ಡು ಸಿಗ್ಲಿಲ್ಲ. ತಾಯಿ ಮಗಳ ತಲೆ ಬಾಚ್ತಾ ಹೇಳುದು. ಬಾಚಿ ಮುಗಿದ್ರೆ ಮಗಳು ಹೊರಡ್ತಾಳೆ, ಅದಕ್ಕೆ ಮೆಲ್ಲ ಬಾಚ್ತಾಳೆ. ಡ್ರಮ್ ಬೇಡ, ಕಾರ್ನೆಟ್ ಒಂದೇ ಸಾಕು."

ಹೇಳಿ, ಅವರು ಅದನ್ನು ಗುನುಗಿದರು. ಅಷ್ಟು ವರ್ಷಗಳಲ್ಲಿ ಇಡೀ ಪದ್ಯ ಗುನುಗಿದ್ದು ಅದೊಂದೇ ಸಲ. ಸಾಹುಕಾರರು ಬೀಸಣಿಗೆ ನಿಲ್ಲಿಸಿ ನೆಲ ನೋಡುತ್ತಾ ಕೂತರು. ಮಾಸ್ಟರರು ಬರೆದುಕೊಂಡರು.

"ಆಗ್ಬಹುದಾ ಮಾಸ್ಟ್ರೇ?"

"ಸರಿ ಅಮ್ಮ" ಎಂದರು ಮಾಸ್ಟರರು, ಬಾಯಿಗೆ ಕೈ ಅಡ್ಡ ಹಿಡಿದು.

ಒಳಗೆ ಬಳೆಯ ಸದ್ದು ನಿಂತಿತು. ಆಮೇಲೆ ಕೇಳಿದರು, "ಸಂಜೀವಣ್ಣನೂ ಬರ್ತಾರಲ್ಲ?" ಮರ್ಯಾದೆಗೆ ಕೇಳಿದ್ದೆಂದು ತಿಳಿದು, ಬರುತ್ತೇನೆ ಎಂದೆ.

ಹೊರಗೆ ಬಂದ ಮೇಲೆ ನಾನು, "ಮಾಸ್ಟ್ರೇ, ಈ ಮನೆಯಲ್ಲಾದ್ರೂ ಹೇಳಿಬಿಡುವ" ಎಂದೆ. ಅವರು ತಲೆಯಾಡಿಸಿದರು. "ಮಗಳ ಮದುವೆ ಮುಗೀಲಿ. ಆಸೆಪಟ್ಟು ಕೇಳಿದ್ದಾರೆ, ಈಗ ಎಂತ ಹೇಳುದು" ಎಂದರು.

ಆ ಪದ್ಯವನ್ನು ಹದಿನೈದು ದಿನ ಊದಿದೆ. ಕಾರ್ಖಾನೆಗೆ ಹೋಗುವಾಗ ಮನಸ್ಸಿನಲ್ಲೇ ಊದಿದೆ. ಮದುವೆಯ ದಿನ ಮಧ್ಯಾಹ್ನ ಗಂಡಿನವರ ಬಸ್ಸು ಬಂತು. ಮಾರ್ಗದಿಂದ ದಣಪೆಯವರೆಗೆ ಎಂದಿನ ಪದ್ಯಗಳು. ದಣಪೆಯ ಹತ್ತಿರ ಡ್ರಮ್ ನಿಂತಿತು. ಮಾಸ್ಟರರು ಕಾರ್ನೆಟ್ಟನ್ನು ತುಟಿಗಿಟ್ಟರು. ನಾನು ಅವರ ಹೆಗಲಿನ ಹಿಂದೆ ತಲೆ ತಗ್ಗಿಸಿ ಊದಿದೆ. ಯಾರಾದರೂ ನನ್ನ ಕೆನ್ನೆ ನೋಡಿಯಾರೋ ಎಂಬ ಹೆದರಿಕೆಯಲ್ಲಿ ಉಸಿರು ಗಿಡ್ಡವಾಯಿತು. ಹೇಗೋ ಮುಗಿಯಿತು. ಗಂಡಿನ ಕಡೆಯ ಹಿರಿಯರೊಬ್ಬರು ಮಾಸ್ಟರರ ಬೆನ್ನು ತಟ್ಟಿ ಒಳಗೆ ಹೋದರು. ಮಾಸ್ಟರರ ಕಿವಿ ಕೆಂಪಾಗಿತ್ತು.

ನಿಖಾ ಮುಗಿದ ಮೇಲೆ ನಮಗೆ ಪಕ್ಕದ ಜಗಲಿಯಲ್ಲಿ ಊಟ. ತುಪ್ಪದನ್ನ, ಮಾಂಸ. ಎಲ್ಲರಿಗೂ ಬಡಿಸಿದ ಮೇಲೆ ಸಾಹುಕಾರರು ಸ್ವತಃ ಒಂದು ಬೋಗುಣಿ ತಂದು ಮಾಸ್ಟರರ ಮುಂದೆ ಇಟ್ಟರು. ತೆಂಗಿನ ಹಾಲಿನಲ್ಲಿ ಮೆತ್ತಗೆ ಬೇಯಿಸಿದ ಅನ್ನ, ಪಕ್ಕದಲ್ಲಿ ಎಲುಬು ತೆಗೆದು ನುಣ್ಣಗೆ ಮಾಡಿದ ಮಾಂಸ.

ಮಾಸ್ಟರರು ಬೋಗುಣಿ ನೋಡಿದರು, ಸಾಹುಕಾರರನ್ನು ನೋಡಿದರು. "ಇದು ನನಗೆ ಮಾತ್ರ ಯಾಕೆ?"

"ಬೆಳಿಗ್ಗೆಯೇ ಬೇರೆ ಮಾಡಿ ಇಟ್ಟಿದ್ದಾಳೆ. ನನ್ನಲ್ಲಿ ಕೇಳ್ಬೇಡಿ" ಎಂದು ಸಾಹುಕಾರರು ಬದಿಗೆ ಸರಿದರು.

ಆ ಜಗಲಿಗೂ ಒಂದು ಬಾಗಿಲು, ಅದಕ್ಕೂ ಪರದೆ. ಅಲ್ಲಿಂದ ದನಿ ಬಂತು. "ಹೋದ ಸಲ ನೀವು 'ಸರಿ' ಅಂದದ್ದು ನಂಗೆ 'ಶರಿ' ಅಂತ ಕೇಳಿತು ಮಾಸ್ಟ್ರೇ. ಎದುರಿನ ಹಲ್ಲು ಹೋಗಿದೆ ಅಂತ ಆಗ್ಲೇ ಗೊತ್ತಾಯ್ತು. ಉಣ್ಣಿ, ತಣಿತದೆ."

ಹನ್ನೊಂದು ಮಂದಿಯ ಕೈಯೂ ಎಲೆಯ ಮೇಲೆ ನಿಂತಿತು. ಮಾಸ್ಟರರು ಪರದೆಯ ಕಡೆ ತಿರುಗಿ ಹೇಳಿದರು, "ಹಾಗಾದ್ರೆ ಇವತ್ತು ಊದಿದ್ದು ನಾನಲ್ಲ ಅಂತ..."

"ಸಂಜೀವಣ್ಣ. ಉಸಿರು ನಿಮ್ಮದಲ್ಲ, ಅದೂ ಗೊತ್ತಾಯ್ತು."

"ಗೊತ್ತಿದ್ದೂ ನಮ್ಮನ್ನು ಬಿಡ್ಲಿಲ್ಲವಲ್ಲ ಅಮ್ಮ ನೀವು."

"ನಾಲ್ಕು ಹಲ್ಲು ಹೋಯ್ತೂಂತ ಬೇರೆ ಬ್ಯಾಂಡ್ ಕರೀಲಿಕ್ಕೆ ಆಗ್ತದಾ" ಎಂದರು ಒಳಗಿನವರು. ಆಮೇಲೆ ನನ್ನನ್ನು ಉದ್ದೇಶಿಸಿ, "ಸಂಜೀವಣ್ಣ, ನೀವು ಹೆದರಿ ಊದಿದ್ರಿ. ಇನ್ನೊಬ್ಬರ ಬೆನ್ನಿಗೆ ಊದಿದ್ರೆ ಪದ್ಯ ಎಲ್ಲಿಗೆ ಹೋಗುದು? ಊಟ ಆಗ್ಲಿ. ಮಗಳು ಹೊರಡುವಾಗ ಒಮ್ಮೆ ಮುಂದೆ ನಿಂತು ಊದಿ. ಮಾಸ್ಟ್ರು ಕೂತು ಕೇಳ್ಲಿ. ನಾವಿಬ್ಬರೂ ಕೇಳ್ತೇವೆ."

ಮಾಸ್ಟರರು ತಲೆ ತಗ್ಗಿಸಿ ಬೋಗುಣಿಗೆ ಕೈ ಹಾಕಿದರು. ಒಂದು ಅಗುಳೂ ಬಿಡದೆ ಉಂಡರು. ಎರಡು ತಿಂಗಳಲ್ಲಿ ಅವರು ಹೊಟ್ಟೆ ತುಂಬ ಉಂಡದ್ದನ್ನು ನಾನು ನೋಡಿದ್ದು ಅಂದೇ.

ಬಿಸಿಲು ಇಳಿಯುವ ಹೊತ್ತಿಗೆ ಹುಡುಗಿ ಹೊರಟಳು. ದಣಪೆಯ ಹೊರಗೆ ನಾನು ಎಲ್ಲರಿಗಿಂತ ಮುಂದೆ ನಿಂತೆ. ಎದುರಿಗೆ ಕುತ್ತಿಗೆ ಇಲ್ಲ, ಹೆಗಲಿಲ್ಲ. ಮಾಸ್ಟರರು ಪಕ್ಕದ ಕಲ್ಲಿನ ಮೇಲೆ ಕೂತು, ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಮನೆಯ ಕಡೆ ಮುಖ ಮಾಡಿದ್ದರು. ಉಸಿರು ಎಲ್ಲಿ ತೆಗೆಯಬೇಕೆಂದು ತೋರಿಸುವವರು ಯಾರೂ ಇರಲಿಲ್ಲ. ಒಳಗೆ ಒಬ್ಬ ತಾಯಿ ಮಗಳ ಸೆರಗು ಸರಿಮಾಡುತ್ತಾ ಇನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಾಳೆ ಎಂದು ಮಾತ್ರ ಗೊತ್ತಿತ್ತು. ಹಾಗಾಗಿ ಅವಸರ ಮಾಡಲಿಲ್ಲ. ಎಷ್ಟು ನಿಧಾನ ಆಗುತ್ತದೋ ಅಷ್ಟು ನಿಧಾನ ಊದಿದೆ. ಹುಡುಗಿ ದಣಪೆ ದಾಟಿ, ಬಸ್ಸಿನ ಮೆಟ್ಟಿಲು ಹತ್ತುವ ತನಕ ಪದ್ಯ ಉಳಿಯಿತು.

ಕಾರ್ನೆಟ್ ಇಳಿಸಿ ತಿರುಗಿದಾಗ ಮಾಸ್ಟರರು ನನ್ನನ್ನೇ ನೋಡುತ್ತಿದ್ದರು. ಕಣ್ಣು ಒದ್ದೆಯಾಗಿತ್ತು. ಬಾಯಿಗೆ ಕೈ ಅಡ್ಡ ಇರಲಿಲ್ಲ.

"ಶರಿ ಉಂಟು" ಎಂದರು. ತಮ್ಮ ಮಾತು ತಮಗೇ ಕೇಳಿಸಿ, ಮುಂದಿನ ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕರು.